ಬೇಜಾರು, ಬೇಕು ಮತ್ತು ಎರಡು ನಿಮಿಷದ ಮೌನ

ನಾನು ನಡೆಸಿದ ಮೊದಲ ತರಗತಿ ಕೆಟ್ಟುಹೋದ ಕತೆಯಿಂದಲೇ ಶುರು ಮಾಡುತ್ತೇನೆ. ನಿಮ್ಮಲ್ಲಿ ಅನೇಕರು ನಿಮ್ಮ ನಿಮ್ಮ ಬೀದಿಯಲ್ಲಿ, ಸಂಘದಲ್ಲಿ ಅಹಿಂಸಾತ್ಮಕ ಸಂವಹನದ, ಅಂದರೆ ದೂರದೆ, ತೀರ್ಪು ಕೊಡದೆ ಮಾತಾಡುವ ಮತ್ತು ಕೇಳಿಸಿಕೊಳ್ಳುವ ಅಭ್ಯಾಸದ ಗುಂಪು ಕಟ್ಟಬೇಕೆಂದು ಬಂದಿದ್ದೀರಿ. ನಾನು ಬಿದ್ದ ಹಳ್ಳ ಎಲ್ಲಿತ್ತು ಎಂದು ತಿಳಿದರೆ ನೀವು ಕನಿಷ್ಠ ಬೇರೆ ಹಳ್ಳಕ್ಕೆ ಬೀಳಬಹುದು.

ಅವತ್ತು ಹದಿನಾಲ್ಕು ಜನ ಬಂದಿದ್ದರು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಾಲ್ಕು ಪದ ಬರೆದಿದ್ದೆ: ಗಮನಿಸಿದ್ದು, ಭಾವನೆ, ಅಗತ್ಯ, ಕೋರಿಕೆ. ಅಹಿಂಸಾತ್ಮಕ ಸಂವಹನದ ನಾಲ್ಕು ಮೆಟ್ಟಿಲು ಇವು ಎಂದು ಒಂದೂವರೆ ಗಂಟೆ ವಿವರಿಸಿದೆ. ಎಲ್ಲರೂ ಬರೆದುಕೊಂಡರು, ತಲೆಯಾಡಿಸಿದರು. ನನಗೆ ಬಹಳ ತೃಪ್ತಿಯಾಯಿತು. ಮುಂದಿನ ವಾರ ಒಬ್ಬ ಮಹಿಳೆ ಎದ್ದು ನಿಂತು, "ಸರ್, ನಮ್ಮ ಮನೆಯವರ ಕೈಗೆ ನೀವು ಹೊಸ ಆಯುಧ ಕೊಟ್ಟಿದ್ದೀರಿ. ಮೊದಲು ‘ನೀನು ಸೋಮಾರಿ’ ಎಂದು ಒಂದೇ ಮಾತಿಗೆ ಮುಗಿಸುತ್ತಿದ್ದರು. ಈಗ ‘ನೀನು ಸೋಮಾರಿಯಾಗಿರುವುದನ್ನು ಗಮನಿಸಿದಾಗ ನನಗೆ ನೋವಾಗುತ್ತದೆ, ನನಗೆ ಶಿಸ್ತಿನ ಅಗತ್ಯವಿದೆ, ದಯವಿಟ್ಟು ಎದ್ದು ಕೆಲಸ ಮಾಡುತ್ತೀಯಾ’ ಎನ್ನುತ್ತಾರೆ. ಬೈಗುಳ ಅದೇ, ಉದ್ದ ಮಾತ್ರ ಹೆಚ್ಚಾಗಿದೆ" ಎಂದರು. ಎಲ್ಲರೂ ನಕ್ಕರು. ಅವರ ಯಜಮಾನರೂ ಅಲ್ಲೇ ಇದ್ದರು. ಅವರೂ ನಕ್ಕರು, ಸ್ವಲ್ಪ ತಡವಾಗಿ.

ತಪ್ಪು ಆ ಯಜಮಾನರದಲ್ಲ. ನಾನು ಅವರಿಗೆ ಒಂದು ವಾಕ್ಯದ ಅಚ್ಚು ಕೊಟ್ಟಿದ್ದೆ, ಅವರು ಅದರಲ್ಲಿ ತಮ್ಮ ಬಳಿ ಇದ್ದದ್ದನ್ನು ಸುರಿದಿದ್ದರು. ಅದೂ ಇನ್ನೊಂದು ಭಾಷೆಯಿಂದ ಎತ್ತಿ ತಂದ ಅಚ್ಚು. ನಾವು ಜಗಳವಾಡುವುದು ಕನ್ನಡದಲ್ಲಿ. ಹಾಗಿದ್ದ ಮೇಲೆ ರಾಜಿಯನ್ನು ಮಾತ್ರ ಅನುವಾದದಲ್ಲಿ ಮಾಡಿಕೊಳ್ಳಲು ಆಗುತ್ತದೆಯೇ? ಅಲ್ಲಿಂದಾಚೆ ನಾನು ಕಲಿತದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಈ ವಿಧಾನ ಎಲ್ಲಿಂದ ಬಂತು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್. ಹುಟ್ಟಿದ್ದು 1934ರಲ್ಲಿ. 1943ರಲ್ಲಿ ಅವರ ಕುಟುಂಬ ಡೆಟ್ರಾಯಿಟ್ ನಗರಕ್ಕೆ ಬಂತು; ಅದೇ ಜೂನ್ ತಿಂಗಳಲ್ಲಿ ಅಲ್ಲಿ ಜನಾಂಗೀಯ ಗಲಭೆ ಎದ್ದು 34 ಮಂದಿ ಸತ್ತರು. ಆಗ ಹುಡುಗನಿಗೆ ಎಂಟು ವರ್ಷ. ಶಾಲೆಗೆ ಹೋದರೆ ಅಲ್ಲಿ ಬೇರೆಯದೇ ಕತೆ: ಹೆಸರು ಕೇಳಿ ಯಹೂದಿ ಎಂದು ತಿಳಿದ ಸಹಪಾಠಿಗಳಿಂದ ಹೊಡೆತ. ಕೆಲವರು ಬೇರೆಯವರ ನೋವಿನಲ್ಲಿ ಸುಖ ಕಾಣುವುದೇಕೆ, ಇನ್ನು ಕೆಲವರು ಎಂಥ ಸ್ಥಿತಿಯಲ್ಲೂ ಕರುಣೆ ಉಳಿಸಿಕೊಳ್ಳುವುದು ಹೇಗೆ ಎಂಬ ಎರಡು ಪ್ರಶ್ನೆ ಅವರಿಗೆ ಅಲ್ಲಿಂದಲೇ ಅಂಟಿಕೊಂಡವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದರು. ಎದುರಿಗಿರುವವರನ್ನು ತೂಗದೆ, ತಿದ್ದದೆ ಕೇಳಿಸಿಕೊಳ್ಳುವುದೇ ಚಿಕಿತ್ಸೆಯ ತಿರುಳು ಎಂದು ನಂಬಿದ್ದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಆಗ ಅಲ್ಲಿದ್ದರು. ಆ ಪ್ರಭಾವ ಕೊನೆಯವರೆಗೂ ಉಳಿಯಿತು. 1984ರಲ್ಲಿ ರೋಸೆನ್‌ಬರ್ಗ್ ಒಂದು ತರಬೇತಿ ಕೇಂದ್ರ ಸ್ಥಾಪಿಸಿದರು, 2015ರಲ್ಲಿ ತೀರಿಕೊಂಡರು. ಹೆಸರಿನಲ್ಲಿರುವ ‘ಅಹಿಂಸೆ’ ಗಾಂಧೀಜಿಯಿಂದ ಪಡೆದ ಸಾಲ.

ಅವರು ತರಗತಿಯಲ್ಲಿ ಎರಡು ಕೈಗೊಂಬೆ ಬಳಸುತ್ತಿದ್ದರು. ಕರುಣೆಯ ಮಾತಿಗೆ ಜಿರಾಫೆ, ತೀರ್ಪು ಕೊಡುವ ಮಾತಿಗೆ ನರಿ. ನೆಲದ ಮೇಲಿನ ಪ್ರಾಣಿಗಳಲ್ಲೆಲ್ಲ ಜಿರಾಫೆಯ ಹೃದಯವೇ ದೊಡ್ಡದು ಎನ್ನುವುದು ಅವರ ಕಾರಣ. (ಆನೆಯ ಹೃದಯ ಇನ್ನೂ ದೊಡ್ಡದು. ಆನೆಗಳು ತಗಾದೆ ತೆಗೆದಿಲ್ಲವಾದ್ದರಿಂದ ಬಿಟ್ಟುಬಿಡೋಣ.) ನಾನೂ ಆ ಗೊಂಬೆಗಳನ್ನು ತಂದೆ. ನಮ್ಮಲ್ಲಿ ಅವು ನಡೆಯಲಿಲ್ಲ. ಕನ್ನಡದಲ್ಲಿ ನರಿ ಎಂದರೆ ಕುತಂತ್ರ. ನರಿಯ ಮಾತು ಬಿಡಿ ಎಂದರೆ ಜನ ಸುಳ್ಳು ಹೇಳುವುದನ್ನು ಬಿಡಿ ಎಂದು ಅರ್ಥ ಮಾಡಿಕೊಂಡರು. ಮುಖಕ್ಕೆ ಹೊಡೆದ ಹಾಗೆ ಮಾತಾಡುವವರಂತೂ ತಾವು ನೇರ ನುಡಿಯವರು, ಈ ಪಾಠ ತಮಗೆ ಸೇರಿದ್ದೇ ಅಲ್ಲ ಎಂದು ಹಾಯಾಗಿ ಕುಳಿತರು.

ಹಾಗಾಗಿ ಗೊಂಬೆಗಳನ್ನು ಪೆಟ್ಟಿಗೆಗೆ ಹಾಕಿ ನಮ್ಮ ಮಾತನ್ನೇ ಮುಂದಿಟ್ಟುಕೊಂಡೆವು. ಮೊದಲ ಮೆಟ್ಟಿಲು, ಕಂಡದ್ದನ್ನು ಕಂಡಷ್ಟೇ ಹೇಳುವುದು. ಕ್ಯಾಮೆರಾ ಇದ್ದಿದ್ದರೆ ಏನು ದಾಖಲಾಗುತ್ತಿತ್ತೋ ಅಷ್ಟು. ಕ್ಯಾಮೆರಾಕ್ಕೆ ಸೋಮಾರಿತನ ಕಾಣುವುದಿಲ್ಲ. ಒಂಬತ್ತು ಗಂಟೆಗೆ ಹಾಸಿಗೆಯ ಮೇಲೆ ಮಲಗಿರುವ ಮನುಷ್ಯ ಕಾಣುತ್ತಾನೆ. ‘ನೀನು ಯಾವಾಗಲೂ ತಡ’ ಎಂಬುದು ಕಾಣುವುದಿಲ್ಲ. ‘ಈ ವಾರ ಮೂರು ಸಲ, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಕಳೆದು ಬಂದೆ’ ಎಂಬುದು ಕಾಣುತ್ತದೆ. ಇಷ್ಟನ್ನು ಎಲ್ಲ ಭಾಷೆಯವರೂ ಕಲಿಸುತ್ತಾರೆ. ಆದರೆ ಕನ್ನಡದಲ್ಲಿ ತೀರ್ಪು ಇಡೀ ಪದದಲ್ಲೇ ಇರಬೇಕೆಂದಿಲ್ಲ, ಒಂದು ಅಕ್ಷರದಲ್ಲೂ ಅಡಗಿ ಕೂರುತ್ತದೆ. ‘ಒಂದು ದಿನ’ ಎಂದರೆ ಲೆಕ್ಕ. ‘ಒಂದು ದಿನವೂ’ ಎಂದರೆ ದೂರು. ‘ನೀನು ಹೇಳಿದೆ’ ಮತ್ತು ‘ನೀನೇ ಹೇಳಿದೆ’ ಎಂಬುದರ ನಡುವೆ ಇಡೀ ಒಂದು ಸಂಜೆಯ ಜಗಳವಿದೆ. ‘ನಿಮ್ಮಂಥವರು’ ಎಂದರೆ ಎದುರಿಗಿದ್ದ ಒಬ್ಬ ವ್ಯಕ್ತಿ ಒಮ್ಮೆಲೇ ಒಂದು ಜಾತಿಯಾಗಿಬಿಡುತ್ತಾನೆ.

ಎಲ್ಲಕ್ಕಿಂತ ಹರಿತವಾದದ್ದು ನಮ್ಮ ‘ಗಿ’. ‘ಓದು ಮುಗಿಯಿತೇ?’ ಎಂದು ಕೇಳಿ ನೋಡಿ. ಆಮೇಲೆ ‘ಮುಗಿಯಿತೇ ನಿನ್ನ ಓದುಗೀದು?’ ಎಂದು ಕೇಳಿ ನೋಡಿ. ಕೆಲಸಗಿಲಸ, ಬರಹಗಿರಹ, ಸಂಘಗಿಂಘ. ಸಲುಗೆಯಲ್ಲಿ ಆಡಿದಾಗ ಅದು ಬರಿಯ ‘ಇತ್ಯಾದಿ’. ಮುನಿಸಿನಲ್ಲಿ ಆಡಿದಾಗ ಅದೇ ತಿರಸ್ಕಾರ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್ಮನ್, ಸಂಬಂಧ ಮುರಿಯುವ ಸೂಚನೆಗಳಲ್ಲೆಲ್ಲ ತಿರಸ್ಕಾರವೇ ಬಲವಾದದ್ದು ಎಂದು ಕಂಡುಕೊಂಡರು; ಸಿಟ್ಟಿನ ಸ್ಥಾನ ಅದರ ಕೆಳಗೆ. ನಮ್ಮ ಗುಂಪಿನಲ್ಲಿ ಒಂದು ವಾರ ಎಲ್ಲರೂ ತಮ್ಮ ತಮ್ಮ ‘ಗಿ’ಗಳನ್ನು ಎಣಿಸಿಕೊಂಡು ಬಂದರು. ಬೇರೆಯವರದನ್ನು ಎಣಿಸುವಂತಿರಲಿಲ್ಲ. ಆ ಒಂದು ವಾರದ ಅಭ್ಯಾಸ ನನ್ನ ಒಂದೂವರೆ ಗಂಟೆಯ ಉಪನ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡಿತು.

ಎರಡನೆಯದು ಭಾವನೆ. ಇಲ್ಲಿ ನಮ್ಮ ವ್ಯಾಕರಣ ನಮ್ಮ ಪರವಾಗಿದೆ ಎಂಬುದನ್ನು ಗಮನಿಸಿ. ಕನ್ನಡದಲ್ಲಿ ನಾನು ಸಿಟ್ಟು ಆಗಿರುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಭಯವಾಗುತ್ತದೆ, ದುಃಖವಾಗುತ್ತದೆ, ನಗು ಬರುತ್ತದೆ. ಎಲ್ಲವೂ ಬರುವಂಥವು, ಬಂದದ್ದು ಹೋಗುವಂಥವು. ಅದು ಯಾರಲ್ಲಿ ಬಂತು ಎಂಬುದನ್ನು ‘ನನಗೆ’ ಎಂಬ ಚತುರ್ಥಿ ವಿಭಕ್ತಿ ಆಗಲೇ ಹೇಳಿಬಿಟ್ಟಿದೆ. ಆದರೆ ನಾವು ಸುಮ್ಮನಿರುತ್ತೇವೆಯೇ? ‘ನನಗೆ ಸಿಟ್ಟು ಬರಿಸಬೇಡ’ ಎನ್ನುತ್ತೇವೆ. ಒಂದು ‘ಇಸು’ ಪ್ರತ್ಯಯ ಸೇರಿಸಿದ್ದೇ ತಡ, ನನ್ನ ಸಿಟ್ಟಿನ ಜವಾಬ್ದಾರಿ ಎದುರಿಗಿದ್ದವರ ತಲೆಗೆ ದಾಟಿತು. ಅವರು ಮಾಡಿದ್ದು ಕಾರಣವಾಗಿರಬಹುದು, ಕಿಡಿಯಾಗಿರಬಹುದು. ಉರಿದ ಸೌದೆ ಮಾತ್ರ ನನ್ನದೇ. ಇನ್ನೊಂದು ಮೋಸದ ಜಾಗವೂ ಇದೆ. ‘ನನಗೆ ಅನಿಸುತ್ತದೆ’ ಎಂದ ಮಾತ್ರಕ್ಕೆ ಅದು ಭಾವನೆಯಾಗುವುದಿಲ್ಲ. ‘ನೀವು ನನ್ನನ್ನು ಕಡೆಗಣಿಸಿದ್ದೀರಿ ಅನಿಸುತ್ತದೆ’ ಎಂಬುದು ನಿಮ್ಮ ಬಗ್ಗೆ ನಾನು ಬರೆದ ತೀರ್ಪು, ಮೇಲೆ ‘ಅನಿಸುತ್ತದೆ’ ಎಂಬ ಮೊಹರು.

ಭಾವನೆ ಹೇಳಿ ಎಂದಾಗ ನಮ್ಮ ಗುಂಪಿನಲ್ಲಿ ಬಂದ ಉತ್ತರ ಒಂದೇ: ಬೇಜಾರು. ಮಗ ಮಾತು ಕೇಳಲಿಲ್ಲ, ಬೇಜಾರು. ಗೆಳೆಯ ಸತ್ತ, ಬೇಜಾರು. ಮಾಡಲು ಕೆಲಸವಿಲ್ಲ, ಬೇಜಾರು. ಕೆಲಸ ಹೆಚ್ಚಾಯಿತು, ಅದಕ್ಕೂ ಬೇಜಾರು. ಸರಿ, ಒಂದು ವಾರ ಆ ಪದವನ್ನು ನಿಷೇಧಿಸಿದೆವು. ಮೊದಲೆರಡು ದಿನ ಜನ ತಡವರಿಸಿದರಂತೆ. ಆಮೇಲೆ ಏನೇನು ಹೊರಬಂತು ನೋಡಿ: ಕಸಿವಿಸಿ, ತಳಮಳ, ಇರಿಸುಮುರಿಸು, ದಿಗಿಲು, ಅಳುಕು, ಮುಜುಗರ, ಹಳಹಳಿ, ಕೊರಗು, ಜಿಗುಪ್ಸೆ. ಮೈಯಿಂದಲೇ ಬಂದ ಪದಗಳು ಬೇರೆ: ಎದೆ ಭಾರವಾಯಿತು, ಗಂಟಲು ಕಟ್ಟಿತು, ಕೈಕಾಲು ಸೋತವು, ಕರುಳು ಚುರುಕ್ ಎಂದಿತು, ಹೊಟ್ಟೆಯಲ್ಲಿ ಸಂಕಟವಾಯಿತು. ಭಾವನೆಗಳ ಅನುವಾದಿತ ಪಟ್ಟಿಯೊಂದನ್ನು ನಾನು ಅಚ್ಚು ಹಾಕಿಸಿ ಹಂಚಲು ಇಟ್ಟುಕೊಂಡಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ಬೇಜಾರೆಂಬ ಒಂದು ಮುಚ್ಚಳ ತೆಗೆದರೆ ಸಾಕಿತ್ತು.

ಪದ ಸಿಕ್ಕರೆ ಏನಾಗುತ್ತದೆ ಎಂದು ಕೇಳುವವರಿಗಾಗಿ ಒಂದು ಪ್ರಯೋಗ ಹೇಳುತ್ತೇನೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಆ ಮುಖಕ್ಕೆ ಭಾವನೆಯ ಹೆಸರು ಆರಿಸಿದಾಗ, ಅಪಾಯಕ್ಕೆ ಬೆಚ್ಚುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಅದೇ ಮುಖಕ್ಕೆ ಹೊಂದುವ ವ್ಯಕ್ತಿಯ ಹೆಸರು ಆರಿಸಿದಾಗ ಅಷ್ಟು ತಗ್ಗಲಿಲ್ಲ. ಪ್ರಯೋಗಾಲಯ ಬೇರೆ, ಮನೆಯ ಜಗಳ ಬೇರೆ. ಇದನ್ನು ಎಳೆದು ದೊಡ್ಡದು ಮಾಡುವ ಇಚ್ಛೆ ನನಗಿಲ್ಲ. ಆದರೆ ‘ನನಗೀಗ ಆಗುತ್ತಿರುವುದು ಸಿಟ್ಟಲ್ಲ, ದಿಗಿಲು’ ಎಂದು ಬಾಯಿಬಿಟ್ಟು ಹೇಳಿದವರ ಹೆಗಲು ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯದು ಅಗತ್ಯ. ಎಲ್ಲಕ್ಕಿಂತ ಕಷ್ಟದ ಪಾಠ ಇದೇ. ಈ ಸಲ ನಮ್ಮ ಭಾಷೆ ಸಹಾಯಕ್ಕೂ ಬರುತ್ತದೆ, ಕಾಲಿಗೂ ತೊಡರುತ್ತದೆ. ‘ನನಗೆ ನಿದ್ದೆ ಬೇಕು’ ಅಗತ್ಯ. ‘ನನಗೆ ಹೊಸ ಮೊಬೈಲ್ ಬೇಕು’ ಆಸೆ. ‘ನೀನು ನನ್ನ ಮಾತು ಕೇಳಬೇಕು’ ಆಜ್ಞೆ. ‘ಬೇಕೆಂದೇ ಮಾಡಿದ’ ಆರೋಪ. ನಾಲ್ಕಕ್ಕೂ ಒಂದೇ ಬೇಕು! ‘ನನಗೆ ಗೌರವ ಬೇಕು’ ಎಂದು ಆರಂಭಿಸಿದವರು ‘ನೀನು ನನಗೆ ಗೌರವ ಕೊಡಬೇಕು’ ಎಂದು ಮುಗಿಸುವಷ್ಟರಲ್ಲಿ ಅಗತ್ಯದಿಂದ ಆಜ್ಞೆಗೆ ಜಾರಿರುತ್ತಾರೆ, ಜಾರಿದ್ದು ಅವರಿಗೇ ತಿಳಿಯುವುದಿಲ್ಲ. ನಾವು ಕಂಡುಕೊಂಡ ಪರೀಕ್ಷೆ ಸರಳ. ನಿಮ್ಮ ‘ಬೇಕು’ ವಾಕ್ಯದೊಳಗೆ ಇನ್ನೊಬ್ಬರ ಹೆಸರೋ ನೀನು, ಅವನು ಎಂಬುದೋ ಇದ್ದರೆ ಅದು ಅಗತ್ಯವಲ್ಲ, ಅಗತ್ಯ ಪೂರೈಸಿಕೊಳ್ಳಲು ನೀವು ಹಿಡಿದ ಒಂದು ದಾರಿ. ದಾರಿಗಳು ಅನೇಕ ಇರುತ್ತವೆ. ನಾವು ಕಿತ್ತಾಡುವುದು ದಾರಿಗಾಗಿ.

ಚಿಲಿ ದೇಶದ ಅರ್ಥಶಾಸ್ತ್ರಜ್ಞ ಮ್ಯಾನ್‌ಫ್ರೆಡ್ ಮ್ಯಾಕ್ಸ್-ನೀಫ್ ಮನುಷ್ಯರ ಮೂಲ ಅಗತ್ಯಗಳು ಒಂಬತ್ತೇ ಎಂದು ಲೆಕ್ಕ ಹಾಕಿದರು: ಜೀವಧಾರಣೆ, ರಕ್ಷಣೆ, ಪ್ರೀತಿ, ತಿಳಿವಳಿಕೆ, ಪಾಲ್ಗೊಳ್ಳುವಿಕೆ, ಬಿಡುವು, ಸೃಜನೆ, ಅಸ್ಮಿತೆ, ಸ್ವಾತಂತ್ರ್ಯ. ಪಟ್ಟಿ ಓದಿದ ಕೂಡಲೇ ನಮ್ಮಲ್ಲಿ ಒಬ್ಬರು, "ಮರ್ಯಾದೆ ಎಲ್ಲಿದೆ ಸರ್?" ಎಂದರು. ಆ ದಿನ ಪಾಠ ಅಲ್ಲೇ ನಿಂತಿತು, ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ನನ್ನನ್ನು ಕೇಳಿದರೆ ಆ ಪ್ರಶ್ನೆ ಪಟ್ಟಿಗಿಂತ ಬೆಲೆಯುಳ್ಳದ್ದು.

ಅಗತ್ಯ ಬಾಯಿಗೆ ಬಂದರೆ ದಾರಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದದ್ದು ವಕೀಲರಾಗಿ, ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಮೊಕದ್ದಮೆಗಾಗಿ. ಎದುರಾಳಿ ತಯ್ಯಬ್ ಸೇಠ್, ಹತ್ತಿರದ ಸಂಬಂಧಿಕರೇ. ದಾವೆ 40,000 ಪೌಂಡುಗಳದ್ದು. ಇಬ್ಬರನ್ನೂ ಒಪ್ಪಿಸಿ ಮಧ್ಯಸ್ಥಿಕೆಗೆ ಒಯ್ದರು. ದಾದಾ ಅಬ್ದುಲ್ಲಾ ಗೆದ್ದರು, 37,000 ಪೌಂಡು ಮತ್ತು ಖರ್ಚು ಬರಬೇಕೆಂದು ತೀರ್ಮಾನವಾಯಿತು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅಷ್ಟನ್ನೂ ಒಂದೇ ಸಲಕ್ಕೆ ಕೊಟ್ಟರೆ ತಯ್ಯಬ್ ಸೇಠ್ ದಿವಾಳಿ, ಅವರ ಸಮಾಜದಲ್ಲಿ ದಿವಾಳಿಗಿಂತ ಸಾವು ಮೇಲು. ಗೆದ್ದವರಿಗೆ ಬೇಕಾದದ್ದು ತಮ್ಮ ಹಣ, ಸೋತವರಿಗೆ ಬೇಕಾದದ್ದು ಮಾನ. ದೀರ್ಘ ಕಾಲದ ಕಂತುಗಳಲ್ಲಿ ಎರಡೂ ಉಳಿದವು. ಆ ಕಂತುಗಳಿಗೆ ಗೆದ್ದವರನ್ನು ಒಪ್ಪಿಸುವುದೇ ಗಾಂಧೀಜಿಗೆ ಇಬ್ಬರನ್ನೂ ಮಧ್ಯಸ್ಥಿಕೆಗೆ ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು.

ನಮ್ಮ ಗುಂಪಿನ ಉದಾಹರಣೆ ಇಷ್ಟು ದೊಡ್ಡದಲ್ಲ. ಮೇಲಿನ ಮನೆ, ಕೆಳಗಿನ ಮನೆ. ರಾತ್ರಿ ಹನ್ನೆರಡಕ್ಕೆ ಮೇಲೆ ಕುರ್ಚಿ ಎಳೆದಾಡುವ ಸದ್ದು. ಲಿಖಿತ ದೂರು, ಅದಕ್ಕೆ ಲಿಖಿತ ಉತ್ತರ, ಮೆಟ್ಟಿಲಿನ ಮೇಲೆ ಎದುರಾದರೆ ಮುಖ ತಿರುಗಿಸುವುದು. ‘ಇವರು ಬೇಕೆಂದೇ ಮಾಡುತ್ತಾರೆ’ ಎಂದು ಒಬ್ಬರು, ‘ನಮ್ಮ ಮನೆಯಲ್ಲಿ ಕೂರುವುದಕ್ಕೂ ಅಪ್ಪಣೆ ಬೇಕೇ’ ಎಂದು ಇನ್ನೊಬ್ಬರು. ಬಿಡಿಸಿ ನೋಡಿದರೆ ಕೆಳಗಿನವರಿಗೆ ಬೇಕಾದದ್ದು ನಿದ್ದೆ. ಮೇಲಿನವರು ಎರಡನೆಯ ಪಾಳಿ ಮುಗಿಸಿ ಬರುವುದೇ ಆ ಹೊತ್ತಿಗೆ. ಅವರಿಗೆ ಬೇಕಾದದ್ದು ಕೂತು ಊಟ ಮಾಡಲು ಒಂದಿಷ್ಟು ನೆಮ್ಮದಿ. ನಿದ್ದೆಗೂ ಊಟಕ್ಕೂ ಏನು ವೈರ? ಕುರ್ಚಿಯ ಕಾಲುಗಳಿಗೆ ರಬ್ಬರ್ ಟೋಪಿ ಹಾಕಿದರು. ಎಂಟು ತಿಂಗಳ ಮುನಿಸು ನಾಲ್ಕು ರಬ್ಬರ್ ತುಂಡುಗಳಿಗೆ ಮುಗಿಯಿತು. ಮೊದಲ ದಿನವೇ ಆ ರಬ್ಬರಿನ ಸಲಹೆ ಕೊಟ್ಟಿದ್ದರೆ ಇಬ್ಬರೂ ಅದನ್ನು ನನ್ನ ಮುಖಕ್ಕೆ ಎಸೆಯುತ್ತಿದ್ದರು ಎಂಬುದೂ ನಿಜ.

ಕೋರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋರಿಕೆಯೋ ಆಜ್ಞೆಯೋ ಎಂಬುದು ಕೇಳುವಾಗ ತಿಳಿಯುವುದಿಲ್ಲ, ‘ಇಲ್ಲ’ ಎಂಬ ಉತ್ತರ ಬಂದಾಗ ನಾವು ಏನು ಮಾಡುತ್ತೇವೆ ಎಂಬುದರಲ್ಲಿ ತಿಳಿಯುತ್ತದೆ. ದಯವಿಟ್ಟು ಎಂದ ಮಾತ್ರಕ್ಕೆ ಏನೂ ಆಗದು. ನಾವು ಸಿಟ್ಟಿನಲ್ಲಿ ಹೆಚ್ಚು ಮರ್ಯಾದೆ ಕೊಡುವ ಜನ. ದಿನವೂ ‘ನೀನು’ ಎನ್ನುವವರು ‘ತಾವು ದೊಡ್ಡವರು, ತಮಗೆ ಹೇಳುವಷ್ಟು ನಾನು ಬೆಳೆದಿಲ್ಲ’ ಎಂದರೆ ಬಾಗಿಲು ಮುಚ್ಚಿತು ಎಂದೇ ಅರ್ಥ.

ಈಗ ಗುಂಪು ನಡೆಸುವ ವಿಷಯ. ಎಂಟರಿಂದ ಹನ್ನೆರಡು ಜನ ಸಾಕು, ವಾರಕ್ಕೊಮ್ಮೆ ಒಂದೂವರೆ ಗಂಟೆ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ಮೊದಲ ತಿಂಗಳು ದೊಡ್ಡ ಗಾಯಗಳನ್ನು ಬಿಚ್ಚಲು ಬಿಡಬೇಡಿ. ನೋವಿಗೆ ಹತ್ತರಲ್ಲಿ ಅಂಕ ಕೊಟ್ಟು, ಮೂರು ಬಂದದ್ದನ್ನು ಮಾತ್ರ ತರಲು ಹೇಳಿ. ಈಜು ಕಲಿಯುವವರನ್ನು ಪ್ರವಾಹದ ದಿನ ಹೊಳೆಗೆ ಇಳಿಸುವುದಿಲ್ಲ. ಮನೆಗೆ ಹೋಗಿ ಯಾರಿಗೂ ಕಲಿಸಕೂಡದು ಎಂಬುದು ನಮ್ಮ ಮುಖ್ಯ ನಿಯಮ. ಇದನ್ನು ಮೊದಲು ಮುರಿದವನು ನಾನೇ. ಒಂದು ಸಂಜೆ ಮಗನ ಎದುರು ಇಳಿದನಿಯಲ್ಲಿ ಶುರು ಮಾಡಿದ್ದೆ. ಅವನು, "ಅಪ್ಪಾ, ಆ ತರಗತಿಯ ದನಿ ಬೇಡ, ಬೈಯುವುದಾದರೆ ಸರಿಯಾಗಿ ಬೈಯಿರಿ" ಎಂದ.

ಮತ್ತು ಮಾತಾಡುವುದನ್ನು ಕಲಿಸುವ ಮೊದಲು ಕೇಳುವುದನ್ನು ಕಲಿಸಿ. ನಾನು ಕ್ರಮ ತಿರುವುಮುರುವು ಮಾಡಿದ್ದರಿಂದಲೇ ಕೆಟ್ಟದ್ದು. ಈಗ ಮೊದಲ ನಾಲ್ಕು ವಾರ ನಾಲ್ಕು ಪದಗಳ ಹಾಳೆಯನ್ನು ಹೊರತೆಗೆಯುವುದೇ ಇಲ್ಲ. ಮೂವರು ಮೂವರಾಗಿ ಕೂರುತ್ತೇವೆ. ಒಬ್ಬರು ಎರಡು ನಿಮಿಷ ಮಾತಾಡುತ್ತಾರೆ, ಒಬ್ಬರು ಕೇಳುತ್ತಾರೆ, ಮೂರನೆಯವರು ಗಡಿಯಾರ ನೋಡುತ್ತಾರೆ. ಕೇಳುವವರು ಬಾಯಿ ತೆರೆಯುವಂತಿಲ್ಲ. ಸಲಹೆ ಇಲ್ಲ, ಸಮಾಧಾನ ಇಲ್ಲ, ‘ನನಗೂ ಹೀಗೇ ಆಗಿತ್ತು’ ಇಲ್ಲವೇ ಇಲ್ಲ. 1962ರಿಂದ ತಂದೆತಾಯಿಗಳಿಗೆ ತರಬೇತಿ ನಡೆಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಾರ್ಡನ್ ಮಾತುಕತೆಗೆ ಅಡ್ಡ ಬರುವ ಹನ್ನೆರಡು ಬಗೆಗಳನ್ನು ಪಟ್ಟಿ ಮಾಡಿದರು. ಬೆದರಿಕೆ, ನಿಂದೆ ಅದರಲ್ಲಿ ಇರುವುದು ಸಹಜ. ಸಲಹೆ, ಹೊಗಳಿಕೆ, ಸಾಂತ್ವನವೂ ಇವೆ. ಒಳ್ಳೆಯವರು ಎನಿಸಿಕೊಂಡವರಿಗೇ ಈ ಅಭ್ಯಾಸ ಹೆಚ್ಚು ಕಷ್ಟ. ಎರಡು ನಿಮಿಷ ಮುಗಿದ ಮೇಲೆ, ಕೇಳಿದವರು ಕೇಳಿಸಿದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಹೇಳಿದವರು ‘ಹೌದು’ ಎನ್ನಬಹುದು, ‘ಪೂರ್ತಿ ಅಲ್ಲ’ ಎನ್ನಬಹುದು.

ಒಬ್ಬ ಹೆಂಗಸು ಅಕ್ಕನ ಮೇಲೆ ದೂರು ತಂದಿದ್ದರು. ಐವತ್ತು ಸೆಕೆಂಡಿನಲ್ಲಿ ದೂರು ಮುಗಿದುಹೋಯಿತು. ಎದುರಿಗಿದ್ದವರು ಸುಮ್ಮನೇ ನೋಡುತ್ತಿದ್ದರು, ಇನ್ನೂ ಎಪ್ಪತ್ತು ಸೆಕೆಂಡು ಉಳಿದಿತ್ತು. ಆಕೆ ಒಮ್ಮೆ ಗಡಿಯಾರದ ಕಡೆ, ಒಮ್ಮೆ ನೆಲದ ಕಡೆ ನೋಡಿದರು. ಆಮೇಲೆ, "ಅಮ್ಮನ ಕೊನೆಯ ದಿನಗಳಲ್ಲಿ ಅಕ್ಕ ಒಬ್ಬಳೇ ನೋಡಿಕೊಂಡಳು, ನಾನು ಹೋಗಲಿಲ್ಲ" ಎಂದರು. ದೂರು ಮುಗಿದ ಮೇಲಿನ ಮೌನದಲ್ಲಿ ಬಂದ ಮಾತು ಅದು. ನಡುವೆ ಯಾರಾದರೂ ‘ಹೋಗಲಿ ಬಿಡಿ’ ಎಂದಿದ್ದರೆ ಅದು ಬರುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇದನ್ನು ಸಣ್ಣದಾಗಿ ತೆಗೆದುಕೊಳ್ಳಬೇಡಿ. ಹೊಡೆತ ತಿನ್ನುವವರಿಗೆ ಮೃದುವಾಗಿ ಮಾತಾಡು ಎಂದು ಕಲಿಸುವುದು ಕರುಣೆಯಲ್ಲ. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ ಮತ್ತು ಕಾನೂನಿನ ನೆರವು. ರೋಸೆನ್‌ಬರ್ಗ್ ಕೂಡ ಬಲಪ್ರಯೋಗವನ್ನು ಪೂರ್ತಿ ತಳ್ಳಿಹಾಕಲಿಲ್ಲ. ಕಾಪಾಡಲು ಬಳಸುವ ಬಲವನ್ನೂ ಶಿಕ್ಷಿಸಲು ಬಳಸುವ ಬಲವನ್ನೂ ಬೇರೆ ಮಾಡಿ ನೋಡಿದರು. ರಸ್ತೆಗೆ ಓಡುವ ಮಗುವನ್ನು ಎಳೆದು ನಿಲ್ಲಿಸುವುದು ಒಂದು, ಓಡಿದ್ದಕ್ಕೆ ಆಮೇಲೆ ಬಾರಿಸುವುದು ಇನ್ನೊಂದು. ಕೈಕೆಳಗಿನವರು ದನಿ ಎತ್ತಿದಾಗ ‘ನಿಮ್ಮ ಸಂವಹನ ಸರಿಯಿಲ್ಲ’ ಎಂದು ಬಾಯಿ ಮುಚ್ಚಿಸಲು ಈ ಪದಗಳನ್ನು ಬಳಸಿದ್ದನ್ನೂ ನಾನು ಕಂಡಿದ್ದೇನೆ. ನ್ಯಾಯ ಕೇಳುವವರ ದನಿ ಗಟ್ಟಿಯಾಗಿರುತ್ತದೆ. ಆ ಗಟ್ಟಿ ದನಿಯೊಳಗಿನ ಅಗತ್ಯವನ್ನು ಹುಡುಕುವ ಕೆಲಸ ಕುರ್ಚಿಯಲ್ಲಿ ಕೂತವರದು.

ನನ್ನ ಮಾತು ಇಷ್ಟೇ, ಉಳಿದ ಹೊತ್ತು ನಿಮ್ಮದು. ಪಕ್ಕದವರ ಕಡೆ ತಿರುಗಿ ಕುಳಿತುಕೊಳ್ಳಿ. ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಬಲಗಡೆ ಇರುವವರು ಮೊದಲು ಮಾತಾಡುತ್ತಾರೆ. ಹತ್ತರಲ್ಲಿ ಮೂರು ಅಂಕದ ಸಂಗತಿ, ಅದಕ್ಕಿಂತ ಮೇಲೆ ಹೋಗಬೇಡಿ. ಎಡಗಡೆಯವರು ಕೇಳುತ್ತಾರೆ. ಮಾತು ಬೇಗ ಮುಗಿದರೆ ಗಾಬರಿಯಾಗಬೇಡಿ, ಹಾಗೇ ಕುಳಿತಿರಿ. ಎರಡು ನಿಮಿಷ. ಗಡಿಯಾರ ನಾನು ನೋಡುತ್ತೇನೆ.